ಎಡಗಾಲಿ ಅಣ್ಣಂದು, ಬಲಗಾಲಿ ನಂದು

ಟ್ರ್ಯಾಕ್ಟರ್ ಟಾಯರ್ ಎಷ್ಟು ವರ್ಷ ಬಾಳುತ್ತದೆಂದು ನನ್ನನ್ನು ಕೇಳದೆ ಬೈಲಹೊಂಗಲ ಸೀಮೆಯಲ್ಲಿ ಯಾರೂ ಟಾಯರ್ ಕೊಳ್ಳುವುದಿಲ್ಲ. ಟಾಯರಿನ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ.

ವಾಟ್ಣಿ

ತೊಂಬತ್ತರ ದಶಕದಲ್ಲಿ ಅಣ್ಣನೂ ನಾನೂ ಆಸ್ತಿಯ ವಾಟ್ಣಿ ಮಾಡಿಕೊಂಡು ಬೇರೆಯಾದೆವು. ಹೊಲ, ಮನೆ, ಹಂಡೆ ಎಲ್ಲ ಹಂಚಿದ ಹಿರಿಯರು ಕೊನೆಗೆ ಟ್ರ್ಯಾಕ್ಟರಿನ ಮುಂದೆ ನಿಂತರು. ಮಾರಲು ಇಬ್ಬರೂ ಒಲ್ಲೆವು. ತೀರ್ಪಾಯಿತು: "ಗಾಡಿ ಇಬ್ಬರದೂ. ಎಡಗಡೆ ದೊಡ್ಡ ಟಾಯರ್ ಅಣ್ಣ ನೋಡ್ಕೋಬೇಕು, ಬಲಗಡೇದು ತಮ್ಮ."

ಹಾರ್ನ್ ಯಾರ ಪಾಲಿಗೂ ಬರಲಿಲ್ಲ. ಕೆಟ್ಟದ್ದು ಕೆಟ್ಟೇ ಉಳಿಯಿತು.

ಕಲ್ಲಿನ ಹಾದಿ

ಅಣ್ಣ ಓಡಿಸುವಾಗ ದಾರಿಯ ಕಲ್ಲೆಲ್ಲ ಬಲಗಾಲಿಗೇ ಸಿಗುತ್ತಿದ್ದವು. ನಾನೇನು ಕಡಿಮೆ ಡ್ರೈವರ್ರೇ? ಯರಗಟ್ಟಿ ತನಕ ಒಂದು ತೆಗ್ಗನ್ನೂ ಬಿಡದೆ ಹುಡುಕಿ ಹುಡುಕಿ ಎಡಗಾಲಿ ಇಳಿಸುತ್ತಿದ್ದೆ.

ಹಿಂದೆ ಟ್ರೇಲರಿನಲ್ಲಿ ಕೂತ ಹೆಂಡತಿ ಚೀರಿದಳು: "ತೆಗ್ಗ ತಪ್ಪಸ್ರೀ!"

"ಅದು ನಮ್ಮ ಗಾಲಿ ಅಲ್ಲ, ಸುಮ್ಮ ಕುಂಡ್ರು."

"ನನ್ನ ಸೊಂಟ ಯಾರ ಪಾಲಿಗಿ ಬಂದೈತ್ರಿ?"

ಹೊಸ ಟಾಯರ್

ಈ ಜಾಣತನಕ್ಕೆ ಎರಡೂ ಟಾಯರ್ ಬೇಗನೇ ಬೋಳಾದವು. ಅಣ್ಣ ಹೊಸದು ಹಾಕಿಸಿದ. ನಾನು ರಾಮದುರ್ಗದ ಅಂಗಡಿಗೆ ಹೋದೆ.

"ಲಗೂನ ಹಾಕಸ್ರಿ ಸಾವಕಾರ," ಅಂದ ಅಂಗಡಿಯವ. "ಒಂದ ಎತ್ತರ, ಒಂದ ತೆಗ್ಗ ಇದ್ರ ಎರಡೂ ಬಾಳಂಗಿಲ್ಲ. ನಿಮ್ಮ ಅಣ್ಣಾರಿಗೂ ಹೇಳೀನಿ."

"ಏನಂದ?"

"'ನನ್ನ ಕಡೆ ಎತ್ತರ ಐತಲ್ಲ, ಸಾಕು' ಅಂದ್ರು."

ಆ ಮಾತಿಗೆ, ಅವನದೂ ಬಾಳದಿರಲಿ ಎಂದು ಟಾಯರ್ ಅಲ್ಲೇ ಬಿಟ್ಟು, ಚಹಾ ಕುಡಿದು ಬಂದೆ.

ಹದ

ಬಿತ್ತುವ ಮಳೆಯಾಯಿತು. ಇಬ್ಬರ ಹೊಲದ ನಡುವಿನ ಕಪ್ಪು ಎರೆಮಣ್ಣಿನಲ್ಲಿ ಟ್ರ್ಯಾಕ್ಟರ್ ಹೂತುಕೊಂಡಿತು. ನನ್ನ ಬೋಳು ಗಾಲಿ ಗಿರಗಿರ ತಿರುಗಿತು. ಅಣ್ಣನ ಹೊಸ ಗಾಲಿ ಅಲ್ಲಾಡಲಿಲ್ಲ.

"ಕೆಸರು ತೋಡಾಕತ್ತಿದ್ದು ನಿನ್ನ ಗಾಲಿ. ನೀನಽ ತಗಿ," ಅಂದ ಅಣ್ಣ.

"ದುಡಿಯೂದು ನಂದು, ಕುಂಡ್ರೂದು ನಿಂದು! ನೀ ತಗಿ!"

ಹಗ್ಗ ಹಿಡಿದು ಎಳೆಯಲು ಬಂದ ನೆರೆಯವರನ್ನು ಇಬ್ಬರೂ ಕೂಡಿ ಬೈದು ಕಳಿಸಿದೆವು. ವಾಟ್ಣಿಯಾದ ಮೇಲೆ ನಾವು ಒಂದಾಗಿ ಮಾಡಿದ ಕೆಲಸ ಅದೊಂದೇ. ಜಗಳ ಮುಗಿಯುವಷ್ಟರಲ್ಲಿ ಕೆಸರು ಆರಿತು, ಟ್ರ್ಯಾಕ್ಟರ್ ಸಲೀಸಾಗಿ ಮೇಲೆ ಬಂತು. ಬಿತ್ತಲಿಕ್ಕೆ ಹದ ಉಳಿದಿರಲಿಲ್ಲ. ಸುತ್ತಲಿನ ಹೊಲಗಳೆಲ್ಲ ಹಸಿರಾದವು, ನಮ್ಮಿಬ್ಬರದೇ ಕರ್ರಗೆ ಬಿದ್ದುಕೊಂಡಿತು.

ಅದನ್ನು ನೋಡುತ್ತ ಬದುವಿನ ಮೇಲೆ ನಿಂತು ನಾನು ನಕ್ಕುಬಿಟ್ಟೆ. ಆಚೆ ಬದುವಿನಲ್ಲಿ ಅಣ್ಣನೂ ನಕ್ಕ.

ಎಲ್ಲ ಖರೇನೇ ಹೇಳಿದ್ದೇನೆ. ಅಣ್ಣ ನಕ್ಕದ್ದೊಂದು ಮಾತ್ರ ನಾನು ಸೇರಿಸಿದ್ದು.