ಮೊದಲನೇ ಬೆಲ್ಟು

"ರೀ, ನಮ್ಮ ಕಾರಿನ ಬೆಲ್ಟು ಬದಲಾಯಿಸಿದೀರಿ ತಾನೆ?"

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಇಡುತ್ತ ಹೆಂಡತಿ ಕೇಳಿದ್ದು ಇಷ್ಟೇ. ಕೆಳಮನೆಯ ಮೇಷ್ಟ್ರ ಹೆಂಡತಿ ವಿಚಾರಿಸಿದರಂತೆ. ನಮ್ಮನೆಯವರು ಅಂಥದ್ದರಲ್ಲೆಲ್ಲ ಬಹಳ ಕಟ್ಟುನಿಟ್ಟು, ಯಾವತ್ತೋ ಆಗಿಹೋಗಿದೆ ಎಂದು ಇವಳು ಹೇಳಿಬಿಟ್ಟಿದ್ದಳು. ಗುಮಾಸ್ತ "ಹೂಂ" ಎಂದ. 

ಬೆಲ್ಟು ಬದಲಾಗಿರಲಿಲ್ಲ. ಎಂಜಿನ್ನಿನ ಮೇಲಿನ ಚಕ್ರವನ್ನೂ ಕೆಳಗಿನ ಚಕ್ರವನ್ನೂ ಒಂದೇ ತಾಳಕ್ಕೆ ಕುಣಿಸುವ ಹಲ್ಲಿನ ರಬ್ಬರ್ ಪಟ್ಟಿ ಅದು. ಟೈಮಿಂಗ್ ಬೆಲ್ಟು. ಲಕ್ಷ ಕಿಲೋಮೀಟರಿಗೆ ಬದಲಾಯಿಸಬೇಕು, ಹರಿದರೆ ಎಂಜಿನ್ನೇ ಪುಡಿ. ಇದು ಊರಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಗುಮಾಸ್ತನಿಗೆ ಗೊತ್ತು. ವಿಮೆ ಕಂಪನಿಯಲ್ಲಿ ಕೂತು ಕೆಟ್ಟ ಎಂಜಿನ್ನುಗಳ ಅರ್ಜಿ ತಿರಸ್ಕರಿಸುವುದೇ ಅವನ ಹೊಟ್ಟೆಪಾಡು. ಹೋದ ತಿಂಗಳು ಮೇಷ್ಟ್ರ ಕಾರಿನ ಬೆಲ್ಟು ಒಂದು ಲಕ್ಷ ಹತ್ತು ಸಾವಿರಕ್ಕೆ ಹರಿದು, ಅರ್ಜಿ ಅವನ ಮೇಜಿಗೇ ಬಂದಿತ್ತು. "ಮಾಲೀಕರ ನಿರ್ಲಕ್ಷ್ಯ" ಎಂದು ಬರೆದ. ಸಪ್ಪೆ ಅನಿಸಿತು. "ನಿರ್ಲಕ್ಷ್ಯ"ದ ಹಿಂದೆ "ಅಕ್ಷಮ್ಯ" ಸೇರಿಸಿ, ಕೆಳಗೆ ಎರೆಹುಳು ಒದ್ದಾಡಿದಂಥ ಸಹಿ ಹಾಕಿದ. ಮೇಷ್ಟ್ರು ಬಂದು ಕೇಳಿದಾಗ ಅದು ಬೇರೆ ವಿಭಾಗದ್ದು ಎಂದು ನುಣುಚಿಕೊಂಡ. ಅಂದಿನಿಂದ ಮೇಷ್ಟ್ರು ಮಂಡಿನೋವನ್ನೂ ಚೀಲವನ್ನೂ ಹೊತ್ತುಕೊಂಡು ಬಸ್‌ಸ್ಟಾಪಿಗೆ ನಡೆಯುತ್ತಿದ್ದರು.

ಗುಮಾಸ್ತನ ಸ್ವಂತ ಕಾರು ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಓಡಿತ್ತು. ಬೆಲ್ಟು ಮೊದಲನೆಯದೇ.

ಗ್ಯಾರೇಜಿಗೆ ಹೋಗಲು ಮುಖವಿರಲಿಲ್ಲ. ಊರಿನ ಒಬ್ಬೊಬ್ಬ ಮೆಕ್ಯಾನಿಕ್ಕಿಗೂ ಬೆರಳು ಆಡಿಸಿ ಉಪದೇಶ ಮಾಡಿದವನು ಅವನು. ಟೋಪಿ ಕಣ್ಣಿನವರೆಗೆ ಎಳೆದುಕೊಂಡು ದೂರದ ಪೇಟೆಗೆ ಬಸ್ಸಿನಲ್ಲಿ ಹೋಗಿ, ನಮ್ಮ ಭಾವನ ಗಾಡಿಗೆ ಎಂದು ಹೇಳಿ ಬೆಲ್ಟು ತಂದ. ಅಂಗಡಿಯವನು ನಿಮ್ಮ ಭಾವ ಬದುಕಿದ್ದೇ ಪುಣ್ಯ ಎಂದ.

ಕಟ್ಟಡದ ಹಿಂಬದಿಯ ಶೆಡ್ಡಿನಲ್ಲಿ ಮೊಬೈಲ್ ನಿಲ್ಲಿಸಿಕೊಂಡು ಕೆಲಸಕ್ಕೆ ಕೂತ. ವೀಡಿಯೋದ ಮನುಷ್ಯ ಇಪ್ಪತ್ತು ನಿಮಿಷದಲ್ಲಿ ಬಿಚ್ಚಿದ್ದನ್ನು ಇವನು ಎರಡು ಗಂಟೆಯಲ್ಲಿ ಬಿಚ್ಚಿದ. ಅಷ್ಟರಲ್ಲಿ ಮೇಲಿನ ಮನೆಯ ಟೈಲರ್ ವಾಸನೆ ಹಿಡಿದ ಬೆಕ್ಕಿನಂತೆ ಹಾಜರಾದ. ಫ್ಯಾನ್ ಬೆಲ್ಟು ಸ್ವಲ್ಪ ಸಡಿಲ ಎಂದು ಗುಮಾಸ್ತ ಹೇಳಿದ. ಟೈಲರ್ ನಂಬಿದ, ಆದರೆ ಹೋಗಲಿಲ್ಲ. ಹಳೇ ಟೈರಿನ ಮೇಲೆ ಕೂತು ಸಲಹೆ ಕೊಡತೊಡಗಿದ.

ಹಳೇ ಬೆಲ್ಟು ತೆಗೆಯುವ ಮುಂಚೆ ಎರಡೂ ಚಕ್ರಗಳ ಮೇಲೆ ಗುರುತು ಹಾಕಿಕೊಳ್ಳಿ, ಹೊಸದನ್ನು ಅದೇ ಗುರುತಿಗೆ ಕೂರಿಸಿ ಎಂದು ವೀಡಿಯೋ ಎಚ್ಚರಿಸಿತು. ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ಹೋಯಿತು. ಟೈಲರ್ ಜೇಬಿನಿಂದ ತನ್ನ ಸೀಮೆಸುಣ್ಣ ಕೊಟ್ಟ. ಗುಮಾಸ್ತ ಗುರುತು ಹಾಕಿ, ಬೆಲ್ಟು ಕಳಚಿ, ಕನ್ನಡಕ ತರಲು ಮನೆಗೆ ಹೋದ.

ಬಂದು ನೋಡಿದರೆ ಚಕ್ರಗಳು ಮದುವೆಮನೆಯ ಪಾತ್ರೆಗಳಂತೆ ಥಳಥಳ ಅನ್ನುತ್ತಿದ್ದವು.

"ಗುರುತು ಎಲ್ಲಿ?" ಗುಮಾಸ್ತನ ದನಿ ಕೀರಲಾಯಿತು.

"ಒರೆಸಿದೆ ಸಾಹೇಬ್ರೇ. ಗುರುತು ಉಳಿಸಿ ಬಟ್ಟೆ ಕೊಟ್ರೆ ಗಿರಾಕಿ ಬೈತಾನೆ. ಸೀಮೆಎಣ್ಣೆ ಹಾಕಿ, ಎರಡೂ ಚಕ್ರ ತಿರುಗಿಸಿ ತಿರುಗಿಸಿ ಒರೆಸಿದೀನಿ, ಒಂದು ಕಲೆ ಇದ್ರೆ ತೋರಿಸಿ."

ಗುಮಾಸ್ತ ವೀಡಿಯೋವನ್ನು ಮತ್ತೆ ಮೊದಲಿಂದ ಹಾಕಿ ನೋಡಿದ, ಒರೆಸಿಹೋದ ಗುರುತಿಗೆ ಅದರಲ್ಲಿ ಮದ್ದಿರಲಿಲ್ಲ. ತನ್ನಿಂದ ಏನೋ ಎಡವಟ್ಟಾಯಿತು ಎಂದು ತಿಳಿದ ಟೈಲರ್ ಓಡಿಹೋಗಿ ಸಹಾಯಕ್ಕೆ ಕರೆತಂದಿದ್ದು ಮೇಷ್ಟ್ರನ್ನು. ಜಗತ್ತಿನಲ್ಲಿ ಯಾರು ಬರಬಾರದಿತ್ತೋ ಅವರೇ ಬಂದರು.

ಮೇಷ್ಟ್ರು ಬಿರುಕು ಬಿಟ್ಟ ಹಳೇ ಬೆಲ್ಟನ್ನು ಎತ್ತಿ ನೋಡಿದರು. ಆಮೇಲೆ ಕಾರಿನೊಳಗೆ ಬಗ್ಗಿ ಮೀಟರು ನೋಡಿದರು.

"ಫ್ಯಾನ್ ಬೆಲ್ಟಿಗೆ ಹೀಗೆ ಹಲ್ಲು ಇರಲ್ಲಪ್ಪ," ಎಂದರು ಮೆಲ್ಲಗೆ. "ಇದು ಮೊದಲನೇದಾ?"

ಗುಮಾಸ್ತ ಹೌದೆಂದು ತಲೆ ಆಡಿಸಿದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಮೇಷ್ಟ್ರು ಬೈಯಲಿಲ್ಲ. ಸಂಸಾರದ ಗಡಿಬಿಡಿಯಲ್ಲಿ ಮರೆವು ಯಾರಿಗಾದರೂ ಆಗುತ್ತದೆ ಎಂದು ಬೆನ್ನು ತಟ್ಟಿದರು. ಅವರದೂ ಇದೇ ಕಾರು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗೆ, ಎಂಜಿನ್ ಹೋದಮೇಲೆ ಕಾರಿನ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದ್ದರಂತೆ. ಅದನ್ನು ತಂದರು. ಸೀಮೆಸುಣ್ಣ ಬೇಕಾಗಿಯೇ ಇರಲಿಲ್ಲ, ಚಕ್ರದ ಅಂಚಿನಲ್ಲಿ ಕಾರು ಮಾಡಿದವರೇ ಗುರುತು ಕೊರೆದಿದ್ದರು. ಟೈಲರ್ ಅಷ್ಟು ಚೆನ್ನಾಗಿ ಒರೆಸಿದ್ದರಿಂದಲೇ ಅದು ಕಣ್ಣಿಗೆ ಬಿತ್ತು.

ನೋಯುವ ಮಂಡಿಯನ್ನು ಗೋಣಿಚೀಲದ ಮೇಲೆ ಊರಿ ಮೇಷ್ಟ್ರು ಮೂರು ಗಂಟೆ ದುಡಿದರು. ನಡುವೆ ವಿಮೆ ಕಂಪನಿಯಿಂದ ಬಂದ ಕಾಗದದ ಮಾತು ತೆಗೆದರು. ಎಂಜಿನ್ ಹೋದದ್ದಕ್ಕೆ ಅಷ್ಟು ಬೇಜಾರಿಲ್ಲವಂತೆ.

"ಅಕ್ಷಮ್ಯ ಅಂತ ಬರೆದಿದಾನೆ ನೋಡಿ. ಮೂವತ್ತೈದು ವರ್ಷ ಪಾಠ ಮಾಡಿದೀನಿ, ಆ ಪದಾನ ಎಂಥಾ ಪೋಲಿ ಹುಡುಗನ ಪುಸ್ತಕದಲ್ಲೂ ಬರೆದಿಲ್ಲ ನಾನು."

ಗುಮಾಸ್ತ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಕಾರಿನ ಕೆಳಗೆ ತೂರಿಕೊಂಡ. ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು. ನಾನೇ ಎಂದು ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಗ್ರೀಸು ಬಾಯಿಗೆ ತೊಟ್ಟಿಕ್ಕಿತು.

ಸಂಜೆ ಕೀಲಿ ತಿರುಗಿಸಿದರೆ ಕಾರು ಹಾಲು ಕುಡಿದ ಮಗುವಿನ ಹಾಗೆ ಗುನುಗಿತು. ಟೈಲರ್ ತನ್ನ ಒರೆಸುವಿಕೆಯ ಫಲ ಎಂದ. ಗುಮಾಸ್ತನಿಗೆ ಮೇಷ್ಟ್ರ ಕಾಲಿಗೆ ಬೀಳಬೇಕು ಅನಿಸಿತು. ಏನು ಕೇಳಿದರೂ ಕೊಡುತ್ತೇನೆ ಎಂದುಬಿಟ್ಟ.

ಮೇಷ್ಟ್ರು ಕೇಳಿದ್ದು ಹಳೇ ಬೆಲ್ಟು. ಜೊತೆಗೆ, ಇದು ನನ್ನ ಕಾರಿನಲ್ಲಿ ಇಷ್ಟು ಕಿಲೋಮೀಟರ್ ಓಡಿದ ಮೊದಲನೇ ಬೆಲ್ಟು ಎಂದು ಒಂದು ಚೀಟಿ. ನೆನಪಿಗೆ ಇರಬಹುದು ಅಂದುಕೊಂಡ ಗುಮಾಸ್ತ ಸಂತೋಷದಿಂದ ಬರೆದ. ಸಹಿ ಹಾಕಲು ಹೋದವನು ಎರೆಹುಳು ನೆನಪಾಗಿ ಗಾಬರಿಯಾಗಿ, ಹೆಸರನ್ನೂ ಹುದ್ದೆಯನ್ನೂ ದುಂಡಗೆ, ಬಿಡಿಬಿಡಿಯಾಗಿ ಬರೆದ. ಬೆಲ್ಟು ಹಿಡಿದು ನಗಿ ಎಂದಾಗ ನಕ್ಕ. ಮೇಷ್ಟ್ರು ಫೋಟೋ ತೆಗೆದರು, ಮೀಟರಿನದ್ದನ್ನೂ ತೆಗೆದರು.

"ಮೇಷ್ಟ್ರೇ, ಇದೆಲ್ಲ ಯಾಕೆ?"

"ಮೇಲ್ಮನವಿಗೆ. ವಿಮೆ ಕಂಪನಿಯ ನೌಕರರ ಕಾರಿನ ಬೆಲ್ಟೇ ಇಷ್ಟು ಓಡಿದೆ ಅಂದಮೇಲೆ, ಅದಕ್ಕಿಂತ ಎಷ್ಟೋ ಮುಂಚೆ ನನ್ನದು ಹರಿದಿದ್ದು ನನ್ನ ನಿರ್ಲಕ್ಷ್ಯ ಹೇಗಾಗುತ್ತೆ? ನಿಮ್ಮ ಮ್ಯಾನೇಜರಿಗೆ ಫೋಟೋ ಈಗಲೇ ಕಳಿಸಾಯ್ತು." ಬೆಲ್ಟನ್ನೂ ಚೀಟಿಯನ್ನೂ ಕವರಿಗೆ ಹಾಕಿ, ಗೋಂದು ಹಚ್ಚಿ, ಗುಮಾಸ್ತನ ಕೈಗೇ ಇಟ್ಟರು. "ನಾಳೆ ಆಫೀಸಿಗೆ ಹೋಗ್ತೀರಲ್ಲ, ಆ ಅಕ್ಷಮ್ಯ ಬರೆದ ಪುಣ್ಯಾತ್ಮ ಯಾರು ಅಂತ ಹುಡುಕಿ ಅವನ ಕೈಗೇ ಕೊಡಿ. ತೆಗೆದು ನೋಡಿದಾಗ ಮುಖ ಹೇಗಾಯ್ತು ಅಂತ ಸಾಯಂಕಾಲ ಬಂದು ಹೇಳಬೇಕು, ಮರೀಬೇಡಿ."

ಮಂಡಿ ಹಿಡಿದುಕೊಂಡು ಅವರು ಒಳಗೆ ಹೋದರು. ಗುಮಾಸ್ತ ಕವರು ಹಿಡಿದು ನಿಂತ. ಆ ಮುಖ ನೋಡಲು ನಾಳೆಯವರೆಗೆ ಕಾಯಬೇಕಾಗಿರಲಿಲ್ಲ. ಮೂಗಿನಿಂದ ಕಿವಿಯವರೆಗೆ ಮಸಿ ಬಳಿದುಕೊಂಡು, ಕಾರಿನ ಗಾಜಿನೊಳಗಿಂದ ಅದು ಆಗಲೇ ಅವನನ್ನು ನೋಡುತ್ತಿತ್ತು.