ಉಳಿದದ್ದು ಆಮೇಲೆ ಕೇಳೋಣ

ಮಾತಾಡುತ್ತಿರುವವರ ಕೈಯಿಂದ ಮೈಕು ಕಿತ್ತುಕೊಳ್ಳುವುದು ತೇರಿಮ್‌ಗೆ ದುರಭ್ಯಾಸವಲ್ಲ, ಹೊಟ್ಟೆಪಾಡು. ಇಪ್ಪತ್ತು ವರ್ಷಗಳಿಂದ ಅವನು ‘ಸಿಲ್ವರ್ ಕೈಟ್’ ಹಾಡುಗಾರರ ತಂಡದ ನಾಯಕ, ಹದಿನೈದು ವರ್ಷಗಳಿಂದ ಕೊರಿಯಾದ ಸೋಲ್ ನಗರದ ಟಿವಿಯೊಂದರಲ್ಲಿ ಬೆಳಗಿನ ನೇರಪ್ರಸಾರದ ನಿರೂಪಕ. ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ನಿರ್ದೇಶಕರು “ಹತ್ತು ಸೆಕೆಂಡ್” ಎಂದರೆ ಸಾಕು, ಎದುರಿಗೆ ಮಂತ್ರಿಯೇ ಇರಲಿ, “ಉಳಿದದ್ದು ಆಮೇಲೆ ಕೇಳೋಣ!” ಎಂದು ನಗುತ್ತ ಮೈಕು ಕಸಿಯುತ್ತಿದ್ದ.

ಅದೇ ಕೈ ಹತ್ತು ವರ್ಷಗಳ ಹಿಂದೆ ತಂಡದ ಕಿರಿಯ ಉಂಗ್ಜೆಯ ಮೈಕನ್ನೂ ಕಸಿದಿತ್ತು. ತೇರಿಮ್ “ಎರಡು, ಮೂರು” ಎಂದೊಡನೆ ಐವರೂ ಒಟ್ಟಿಗೆ ಬಾಗಿ “ನಾವು ಸಿಲ್ವರ್ ಕೈಟ್!” ಎಂದು ಕೂಗುತ್ತಿದ್ದ ಕಾಲವದು. ಪ್ರಶಸ್ತಿ ವೇದಿಕೆಯಲ್ಲಿ ನಿಂತ ಉಂಗ್ಜೆ, ಆಸ್ಪತ್ರೆಯಲ್ಲಿ ಟಿವಿ ನೋಡುತ್ತಿದ್ದ ತಾಯಿಗೆ “ಅಮ್ಮಾ...” ಎಂದಿದ್ದನಷ್ಟೆ. ಆ ಚಳಿಗಾಲದಲ್ಲೇ ಆಕೆ ತೀರಿಕೊಂಡರು. ಉಂಗ್ಜೆ ತಂಡ ಬಿಟ್ಟು ಪಕ್ಕದ ಇಂಚೋನ್ ಊರಿನಲ್ಲಿ ಮಂಡು ಎಂಬ ಕಡುಬಿನ ಅಂಗಡಿ ಇಟ್ಟ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಈಗ ತಂಡದ ಇಪ್ಪತ್ತನೇ ವರ್ಷದ ಕಾರ್ಯಕ್ರಮ ಬರಲಿದೆ. ಉಳಿದ ಮೂವರದೂ ಒಂದೇ ಹಟ: “ಉಂಗ್ಜೆ ಬಂದ್ರೆ ನಾವೂ ಬರ್ತೀವಿ.” ಆ ಉಂಗ್ಜೆ ಇಂದು ತೇರಿಮ್‌ನ ಬೆಳಗಿನ ನೇರಪ್ರಸಾರಕ್ಕೇ ಅತಿಥಿ. ಕ್ಷಮೆ ಕೇಳಲು ಇದಕ್ಕಿಂತ ಒಳ್ಳೆಯ ದಿನ ಸಿಗುವಂತಿರಲಿಲ್ಲ.

“ಮಂಡಿಯೂರಿಬಿಡಪ್ಪ,” ಎಂದರು ಸ್ಟುಡಿಯೋದವರೆಲ್ಲ ‘ಅತ್ತೆ’ ಎಂದೇ ಕರೆಯುವ ಮೇಕಪ್ಪಿನ ಹೆಂಗಸು.

“ಮಂಡಿಯೂರಿದ್ರೆ ಕ್ಯಾಮೆರಾಗೆ ಮುಖ ಸಿಗಲ್ಲ. ನಿಂತೇ ಅಳಿ ಸರ್,” ಎಂದಳು ಸ್ಕ್ರಿಪ್ಟ್ ಬರೆಯುವವಳು.

ಅಳು ಬರದಿದ್ದರೆ ಎಂದು ಅತ್ತೆ ಅವನ ಕಣ್ಣ ಕೆಳಗೆ ತಲೆನೋವಿನ ಮುಲಾಮು ಸವರಿದರು. ಅದು ಉಂಗ್ಜೆಯ ಸರದಿ ಬರುವವರೆಗೆ ಕಾಯಲಿಲ್ಲ. ಕಿಮ್ಚಿ ಎಂಬ ಖಾರದ ಉಪ್ಪಿನಕಾಯಿ ಹಾಕುವುದನ್ನು ಕಲಿಸಲು ಬಂದಿದ್ದ ಅಜ್ಜಿಯ ಮುಂದೆಯೇ ತೇರಿಮ್ ದಳದಳ ಕಣ್ಣೀರು ಸುರಿಸತೊಡಗಿದ.

“ಅಯ್ಯೋ ಮಗನೇ, ಅಮ್ಮನ ಕೈರುಚಿ ನೆನಪಾಯ್ತಾ?” ಎಂದು ಅಜ್ಜಿ ಅವನ ಬಾಯಿಗೆ ಖಾರ ಮೆತ್ತಿದ ಎಲೆಕೋಸು ತುರುಕಿದರು. ಸಮಾಧಾನ ಮಾಡುತ್ತ ತಮ್ಮ ಗಂಡನ ಕತೆಯನ್ನೂ ಹೇಳಿದರು. ಬಾಯಿ ತುಂಬಿದ್ದ ನಿರೂಪಕ ತಡೆಯುವುದಾದರೂ ಹೇಗೆ? ಎಂಟು ನಿಮಿಷ ಹೋಯಿತು.

ಉಂಗ್ಜೆ ಬಂದು ಕೂರುವ ಹೊತ್ತಿಗೆ ಕಣ್ಣು ಒಣಗಿತ್ತು, ಬಾಯಿ ಉರಿಯುತ್ತಿತ್ತು. ಆದರೂ ತೇರಿಮ್ ಸ್ಕ್ರಿಪ್ಟ್ ಪಕ್ಕಕ್ಕಿಟ್ಟ.

“ತಪ್ಪಾಯ್ತು ಕಣೋ. ಆವತ್ತು ನೀನು ಅಮ್ಮಂಗೆ ಹೇಳ್ತಿದ್ದ ಮಾತು ನಾನು ಕಸ್ಕೊಂಡೆ. ಹತ್ತು ವರ್ಷದಿಂದ ಅದೇ ಕೊರಗು.”

ಉಂಗ್ಜೆ ಮೈಕು ಎತ್ತಿದ. “ಅಣ್ಣಾ, ಆವತ್ತು ನಾನು ಅಮ್ಮಂಗೆ ಏನು ಹೇಳ್ಬೇಕು ಅಂತಿದ್ದೆ ಅಂದ್ರೆ...”

“ಹತ್ತು ಸೆಕೆಂಡ್!” ಎಂದರು ಕಿವಿಯೊಳಗಿನ ನಿರ್ದೇಶಕರು.

ತೇರಿಮ್‌ನ ಮನಸ್ಸು ಬೇಡ ಬೇಡ ಎಂದಿತು. ಕೈ ಆಗಲೇ ಹೊರಟಿತ್ತು. “ಉಳಿದದ್ದು ಆಮೇಲೆ ಕೇಳೋಣ! ಈಗ ಹವಾಮಾನ!”

ಉಂಗ್ಜೆ ರೇಗಲಿಲ್ಲ. ತನ್ನ ಖಾಲಿ ಕೈ ನೋಡಿಕೊಂಡ. ತಂದಿದ್ದ ಕಡುಬಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಬಾಗಿಲತ್ತ ನಡೆದ.

“ತೇರಿಮ್, ಹವಾಮಾನದವಳು ಲಿಫ್ಟಿನಲ್ಲಿ ಸಿಕ್ಕಾಕ್ಕೊಂಡಿದಾಳೆ! ನಾಲ್ಕು ನಿಮಿಷ ನೀನೇ ಏನಾದ್ರೂ ಮಾತಾಡು!” ಎಂದು ಕಿವಿಯೊಳಗಿನ ನಿರ್ದೇಶಕರು ಕೂಗಿದರು.

ನಾಲ್ಕು ನಿಮಿಷ! ಉಂಗ್ಜೆ ತಾಯಿಗೆ ಹೇಳಬೇಕಿದ್ದ ಮಾತೆಲ್ಲ ಅದರಲ್ಲಿ ಮುಗಿಯುತ್ತಿತ್ತು. ಕ್ಯಾಮೆರಾದ ಕೆಂಪು ದೀಪ ಅವನನ್ನೇ ನೋಡುತ್ತಿತ್ತು. ಹುಟ್ಟಿದ ಮೇಲೆ ಮೊದಲ ಸಲ ತೇರಿಮ್‌ಗೆ ಮಾತು ಸಿಗಲಿಲ್ಲ. ಬಾಯಿ ತನಗೆ ಗೊತ್ತಿದ್ದದ್ದನ್ನು ತಾನೇ ಹೇಳಿತು.

“ಎರಡು, ಮೂರು...”

ಬಾಗಿಲ ಬಳಿ ಉಂಗ್ಜೆಯ ಬೆನ್ನು ಅರ್ಧ ಬಾಗಿತು. ಮರುಕ್ಷಣ ನೆಟ್ಟಗಾದ ಅವನು ಹೊರಗೆ ಹೋಗಿ ಬಾಗಿಲೆಳೆದುಕೊಂಡ.

“ನಾವು ಸಿಲ್ವರ್ ಕೈಟ್!” ಎಂದು ತೇರಿಮ್ ಒಬ್ಬನೇ ಬಾಗಿದ. ಗಡಿಯಾರದಲ್ಲಿ ಇನ್ನೂ ಮೂರೂವರೆ ನಿಮಿಷ ಉಳಿದಿತ್ತು.