ಮೂರು ಕಿಲೋಮೀಟರ್ ದೂರದ ವಿದೇಶ

ಮೂರು ಕಿಲೋಮೀಟರ್ ದೂರದಲ್ಲಿ ಆಡುವ ಭಾಷೆಯನ್ನು ಕಲಿಯಲು ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು, ಮೂವತ್ತೈದು ವರ್ಷ ಆ ಮನುಷ್ಯನಿಗೆ ಮುದ್ದೆ ಕಟ್ಟಿ ಬಡಿಸಿದ್ದೇನೆ. ಅವರು ನಮ್ಮ ಯಜಮಾನರು.

ನಮ್ಮ ಮನೆ ಹುಣಸೂರು ತಾಲ್ಲೂಕಿನ ಗುರುಪುರದ ಹತ್ತಿರ. ಜೋಳದ ಹೊಲಗಳನ್ನು ದಾಟಿದರೆ ಟಿಬೆಟಿನವರ ಕ್ಯಾಂಪು. ಯಜಮಾನರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ನಮ್ಮೂರಿನ ದನಕ್ಕೂ ಅವರೇ ಸೂಜಿ ಚುಚ್ಚುತ್ತಿದ್ದರು, ಕ್ಯಾಂಪಿನ ದನಕ್ಕೂ ಅವರೇ. ರಿಟೈರಾದ ಗಂಡಸರು ಸಾಮಾನ್ಯವಾಗಿ ಏನು ಮಾಡುತ್ತಾರೆ ಹೇಳಿ? ಟೀ ಅಂಗಡಿಯ ಬೆಂಚು ಹಿಡಿಯುತ್ತಾರೆ. ಇಲ್ಲವೇ ಅಡುಗೆಮನೆಗೆ ಬಂದು, ಒಗ್ಗರಣೆಗೆ ಸಾಸಿವೆ ಮೊದಲೋ ಮೆಣಸಿನಕಾಯಿ ಮೊದಲೋ ಎಂದು ಹೆಂಡತಿಗೆ ಪಾಠ ಹೇಳುತ್ತಾರೆ. ಇವರು ಪಾಠವನ್ನು ಒಂದು ವಾರ ಹೇಳಿದರು. ನಾನು ಸೌಟನ್ನೇ ಕೈಗೆ ಕೊಟ್ಟುಬಿಟ್ಟೆ. ಎಂಟನೆಯ ದಿನ ಮೈಸೂರಿಗೆ ಹೋದವರು ವಿಶ್ವವಿದ್ಯಾಲಯದಲ್ಲಿ ಟಿಬೆಟಿ ಭಾಷೆಯ ಸರ್ಟಿಫಿಕೇಟ್ ಕೋರ್ಸಿಗೆ ಸೇರಿಕೊಂಡು ಬಂದರು!

"ಅಲ್ರೀ, ಕ್ಯಾಂಪಿನವ್ರು ನಮಗಿಂತ ಚೆಂದಾಗಿ ಕನ್ನಡ ಮಾತಾಡ್ತಾರೆ. ನೀವ್ ಅದ ಕಲ್ತು ಏನ್ ಪ್ರಯೋಜ್ನ?" ಎಂದೆ.

"ಅದೇ ಕಣಮ್ಮಿ ನಾನೇಳದು. ಮೂವತ್ ವರ್ಸ ಅವ್ರ ಕೊಟ್ಗೆಗ್ ಓಗ್ ಬಂದಿವ್ನಿ. ಒಂದೊಂದ್ ಸಲಾನೂ ಅವ್ರೇ ನಮ್ ಮಾತಿಗ್ ಬಂದವ್ರೆ. ನಾನ್ ಒಂದ್ ದಪ ಅವ್ರ ಮಾತಿಗ್ ಓಗ್ಬೇಡ್ವಾ? ನಾನ್ ಅವ್ರ ಮಾತಲ್ ಕೇಳ್ಬೇಕು, ಅವ್ರು ಅವ್ರ ಮಾತಲ್ಲೇ ನಂಗ್ ಉತ್ರ ಕೊಡ್ಬೇಕು. ಒಂದೇ ಒಂದ್ ಸಲ. ಸಾಕು ಬುಡು."

ಒಂದೇ ಒಂದು ಸಲ. ಕೇಳಲು ಎಷ್ಟು ಸಣ್ಣ ಆಸೆ, ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲ ದಿನ ತರಗತಿಯಲ್ಲಿ ಮೇಡಂ ಎಲ್ಲರನ್ನೂ ಕೇಳಿದರಂತೆ, ವಿದೇಶಿ ಭಾಷೆ ಕಲಿಯುವುದರಿಂದ ಏನು ಪ್ರಯೋಜನ ಎಂದು. ಒಬ್ಬ ಹುಡುಗ ಗೈಡ್ ಕೆಲಸ ಸಿಗುತ್ತದೆ ಎಂದ. ಒಬ್ಬಳು ಹಳೆಯ ಗ್ರಂಥಗಳನ್ನು ಓದಬಹುದು ಎಂದಳು. ಇನ್ನೊಬ್ಬ, ಮೆದುಳು ಚುರುಕಾಗಿ ಮುಪ್ಪಿನಲ್ಲಿ ಮರೆವು ಬರುವುದಿಲ್ಲ ಎಂದ. ಕೊನೆಗೆ ನಮ್ಮ ಯಜಮಾನರು ಎದ್ದು ನಿಂತು, "ಪಕ್ಕದವ್ರ ಜೊತೆ ಮಾತಾಡಕ್ಕೆ ಮೇಡಂ" ಎಂದರು.

"ಅವರಿಗೆ ಕನ್ನಡ ಬರೋದಿಲ್ವಾ?"

"ನನಗಿಂತ ಚೆನ್ನಾಗ್ ಬತ್ತದೆ ಮೇಡಂ!"

ತರಗತಿಯೇ ನಕ್ಕಿತಂತೆ. ಇದನ್ನು ನನಗೆ ಹೇಳುವಾಗ ಅವರೂ ನಕ್ಕರು. ಆಮೇಲೆ, ಮರೆವು ಬರುವುದಿಲ್ಲ ಎಂಬ ಪ್ರಯೋಜನವನ್ನು ಎರಡೆರಡು ಸಲ ಒತ್ತಿ ಹೇಳಿದರು. ಅವತ್ತೇ ಟಿಫನ್ ಕ್ಯಾರಿಯರ್ ಅನ್ನು ಬಸ್ಸಿನಲ್ಲಿ ಬಿಟ್ಟು ಬಂದಿದ್ದರು.

ಎರಡನೆಯ ವಾರ ನಮ್ಮ ಮನೆಯಲ್ಲಿ ಚೀಟಿಗಳು ಹುಟ್ಟಿಕೊಂಡವು. ಬಾಗಿಲಿಗೆ ಒಂದು, ಬಕೆಟ್ಟಿಗೆ ಒಂದು, ಅಡುಗೆಮನೆಯ ಡಬ್ಬಿಗಳಿಗೆಲ್ಲ ಒಂದೊಂದು. ಎಲ್ಲದರ ಮೇಲೂ ಟಿಬೆಟಿ ಅಕ್ಷರ. ಸಾಲದ್ದಕ್ಕೆ, ಡಬ್ಬಿಗಳನ್ನು ಆ ಭಾಷೆಯ ಅಕ್ಷರಮಾಲೆಯ ಕ್ರಮದಲ್ಲಿ ಬೇರೆ ಜೋಡಿಸಿದರು! ಅವತ್ತೇ ಕೆ.ಆರ್. ನಗರದಿಂದ ನನ್ನ ಅಣ್ಣ ಅತ್ತಿಗೆ ಬಂದರು. ಮಾತಿನ ಗಡಿಬಿಡಿಯಲ್ಲಿ ನಾನು ಟೀಗೆ ಎರಡು ಚಮಚ ಉಪ್ಪು ಹಾಕಿದೆ. ಅಣ್ಣ ಒಂದು ಗುಟುಕು ಕುಡಿದು ಕಣ್ಣು ಕಣ್ಣು ಬಿಟ್ಟ. ಯಜಮಾನರು ಮಾತ್ರ ಲೋಟ ಖಾಲಿ ಮಾಡಿ, "ಟಿಬೆಟಲ್ಲಿ ಟೀಗೆ ಉಪ್ಪೇ ಆಕದು ಭಾವ. ಇದ್ಕಿಷ್ಟು ಬೆಣ್ಣೆ ಬಿದ್ದಿದ್ರೆ ಇನ್ನೂ ಚೆಂದಾಗಿರದು" ಎಂದರು. ಅತ್ತಿಗೆ ಇವತ್ತಿಗೂ ನಮ್ಮ ಮನೆಗೆ ಬಂದರೆ ನೀರು ಮಾತ್ರ ಕೇಳುತ್ತಾರೆ.

ಇದಕ್ಕಿಂತ ದೊಡ್ಡ ಅನಾಹುತ ಮಾಡಿದ್ದು ಒಂದೇ ಒಂದು ಅಕ್ಷರ. 'ಲಾ'. ನಮ್ಮ ಕಡೆ 'ಬಾರ್ಲಾ, ಕೂತ್ಕಳ್ಲಾ' ಎಂದು ಯಾರಿಗೆ ಹೇಳುತ್ತೇವೆ? ಜೊತೆಯವರಿಗೆ, ಚಿಕ್ಕವರಿಗೆ. ದೊಡ್ಡವರಿಗೆ ಹೇಳಿ ನೋಡಿ, ಆಮೇಲೆ ಗೊತ್ತಾಗುತ್ತದೆ. ಆದರೆ ಟಿಬೆಟಿಯಲ್ಲಿ ಹೆಸರಿನ ಕೊನೆಗೆ 'ಲಾ' ಸೇರಿಸಿದರೆ ಮರ್ಯಾದೆಯಂತೆ! ನಮ್ಮ 'ಅವರೇ' ಇದ್ದಂತೆ. ಈ ಪಾಠವಾದ ಮಾರನೆಯ ದಿನ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಅವರ ಹಳೆಯ ಮೇಲಧಿಕಾರಿ ಸಿಕ್ಕರು. ಪಶುವೈದ್ಯರು, ಶಿಸ್ತಿನ ಮನುಷ್ಯ. ಯಜಮಾನರು ಕೈಮುಗಿದು, ಬಾಯ್ತುಂಬ, "ನಮಸ್ಕಾರ ಡಾಕ್ಟರ್ ಲಾ!" ಎಂದರು.

ಡಾಕ್ಟರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಏನಯ್ಯಾ, ಪೆನ್ಷನ್ ಆರ್ಡರ್ ಬಂದ ಕೂಡಲೇ ಹೋಗೋ ಬಾರೋಗೆ ಇಳಿದ್ಬಿಟ್ಯಾ?"

ಮನೆಗೆ ಬಂದವರು ಇದನ್ನು ಹೇಳುತ್ತ ಹೇಳುತ್ತ ಥಟ್ಟನೆ ಹಣೆ ಚಚ್ಚಿಕೊಂಡರು. ಮೂವತ್ತು ವರ್ಷ ಕ್ಯಾಂಪಿನ ಕೊಟ್ಟಿಗೆಗಳಲ್ಲಿ ಇವರು ಕೂಗಿದ್ದೇನು? 'ಕೊಂಬು ಇಡ್ಕಳ್ಲಾ, ಅಗ್ಗ ಬುಡ್ಲಾ, ಅತ್ಲಾಗ್ ಓಗ್ಲಾ' ಎಂದಲ್ಲವೇ? ಅವರೆಲ್ಲ ನಗುನಗುತ್ತ ಕೊಂಬು ಹಿಡಿಯುತ್ತಿದ್ದರಲ್ಲ!

"ಅದ್ಕೇ ಕಣಮ್ಮಿ! ಈ ಕಾಂಪೌಂಡ್ರಷ್ಟು ಮರ್ಯಾದಸ್ತ ಇಲ್ಲ ಅಂತ ಅವ್ರು ಅನ್ಕಂಡಿರದು!"

ಆದರೆ ಅವರ ಆಸೆಯ ಗತಿ ಏನಾಯಿತು? ಅದೊಂದು ದೊಡ್ಡ ಕಥೆ. ದಿನಾ ಸಂಜೆ ನೋಟ್‌ಬುಕ್ಕು ಹಿಡಿದು ಕ್ಯಾಂಪಿಗೆ ಹೋಗುವರು. ಎದುರಾದವರನ್ನು ಟಿಬೆಟಿಯಲ್ಲಿ ಮಾತಾಡಿಸುವರು. ಹುಡುಗರು ಇಂಗ್ಲಿಷಿನಲ್ಲಿ ಉತ್ತರ ಕೊಡುವರು. ಸ್ವೆಟರ್ ವ್ಯಾಪಾರಕ್ಕೆ ಊರೂರು ಸುತ್ತಿದವರು ಹಿಂದಿಯಲ್ಲಿ. ವಯಸ್ಸಾದವರು ಕನ್ನಡದಲ್ಲಿ! ಪಿರಿಯಾಪಟ್ಟಣದ ಕಡೆಯ ದೊಡ್ಡ ಕ್ಯಾಂಪಿಗೂ ಹೋಗಿ ನೋಡಿದರು. ಅಲ್ಲಿ ಒಬ್ಬ ಸನ್ಯಾಸಿ ಇವರ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, "ಟಾಯ್ಲೆಟ್ ಅಲ್ಲಿದೆ ಸರ್" ಎಂದು ಕೈ ತೋರಿಸಿದರಂತೆ.

"ನಿಮ್ಮ ಮೇಡಂ ಟಿಬೆಟೀಲೇ ಮಾತಾಡ್ತಾರಲ್ಲ, ಅದು ಆಗಲ್ವಾ?" ಎಂದು ಸಮಾಧಾನ ಹೇಳಿದೆ.

"ಅದು ಪಾಠ ಕಣಮ್ಮಿ. ಮಾತಲ್ಲ."

ಕ್ಯಾಂಪಿನಲ್ಲಿ ಅವರಿಗೆ ಬಹಳ ಬೇಕಾದವರು ಒಬ್ಬ ಅಜ್ಜಿ. ಹತ್ತು ವರ್ಷದವರಿದ್ದಾಗ ತಾಯಿಯ ಕೈ ಹಿಡಿದು ಹಿಮದ ಬೆಟ್ಟ ದಾಟಿ ಬಂದವರು. ಆದರೆ ಬಾಯಿ ತೆರೆದರೆ ಅಪ್ಪಟ ಹುಣಸೂರು. ಆ ಕನ್ನಡದ ಮುಂದೆ ನನ್ನ ಎಸ್ಸೆಸ್ಸೆಲ್ಸಿ ಕನ್ನಡ ಸಪ್ಪೆ. ಅವರಿಗೆ ಒಂದು ಹಸು ಇತ್ತು. ಒಂದು ದಿನ ಅದು ಮಲಗಿದ್ದು ಏಳಲಿಲ್ಲ. ಯಜಮಾನರಿಗೆ ಹೇಳಿ ಕಳಿಸಿದರು. ಇವರು ಸೂಜಿ ಚುಚ್ಚಿ, ಹಸುವಿನ ಕಿವಿಯ ಹತ್ತಿರ ಬಾಗಿ, 'ಯಾರ್ ಲಾಂಗ್, ಯಾರ್ ಲಾಂಗ್' ಎಂದರು. ಟಿಬೆಟಿಯಲ್ಲಿ ಹಾಗೆಂದರೆ ಮೇಲೇಳು ಎಂದಂತೆ. ಹಸು ಮೆಲುಕು ಹಾಕುತ್ತ ಇವರನ್ನೇ ನೋಡಿತು. ಉಚ್ಚಾರ ತಪ್ಪಿತೇನೋ ಎಂದು ನೋಟ್‌ಬುಕ್ಕು ತೆಗೆದು ನೋಡಿ ಮತ್ತೆ ಹೇಳಿದರು.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ಅದು ಭೇರ್ಯದ ಸಂತೇಲಿ ತಂದ ಅಸ ಕಣಪ್ಪ. ಅದ್ಕೆಲ್ಲಿ ಬಂದಾತು ಟಿಬೆಟಿ? ಏಳವ್ವ ಅನ್ನು."

"ಏಳವ್ವ" ಎಂದರು. ಹಸು ಎದ್ದು ನಿಂತಿತು!

ಅವತ್ತಿನಿಂದ ಪ್ರತಿ ಬುಧವಾರ ಅಜ್ಜಿಯ ಮನೆಗೆ ಹೋಗುತ್ತಿದ್ದರು. ಇವರು ಒಂದೊಂದೇ ಪದ ಕೂಡಿಸಿ ಟಿಬೆಟಿಯಲ್ಲಿ ಕೇಳುವುದು, ಅಜ್ಜಿ ಕನ್ನಡದಲ್ಲಿ ಉತ್ತರ ಕೊಡುವುದು. "ಅಜ್ಜಿ, ಅದನ್ನೇ ನಿಮ್ ಮಾತಲ್ಲಿ ಏಳಿ" ಎಂದರೆ, "ಓಗಪ್ಪ, ನಿನ್ ಮೊಕ ಕಂಡ್ರೆ ನಂಗ್ ಕನ್ನಡವೇ ಬತ್ತದೆ, ನಾನೇನ್ ಮಾಡ್ಲಿ" ಎನ್ನುತ್ತಿದ್ದರಂತೆ. ಅಜ್ಜಿಯದು ಹಟವಲ್ಲ. ಮೂವತ್ತು ವರ್ಷದ ಅಭ್ಯಾಸ. ಬೇಸರವಾಯಿತಾ ಎಂದು ಕೇಳಿದರೆ ಯಜಮಾನರು, "ಬರೋ ಬುಧವಾರ ಆಯ್ತದೆ ತಗಾ" ಎನ್ನುವರು. ಎಷ್ಟು ಬುಧವಾರಗಳು ಹಾಗೆ ಹೋದವೋ! ಈ ನಡುವೆ ಪರೀಕ್ಷೆ ಬರೆದರು, ಪಾಸಾದರು. ಸರ್ಟಿಫಿಕೇಟನ್ನು ಅಜ್ಜಿಗೆ ತೋರಿಸಿದಾಗ ಅಜ್ಜಿ ಹೇಳಿದ್ದೂ ಕನ್ನಡದಲ್ಲೇ. "ಸಂದಾಗದೆ. ಗ್ಲಾಸ್ ಆಕ್ಸಿ ಗೋಡೆಗ್ ನೇತಾಕು."

ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಕಾಫಿ ಕುಡಿದು ಹಿತ್ತಲಿಗೆ ಹೋದವರು ಬಾವಿಕಟ್ಟೆಯ ಮೇಲೆ ಕುಳಿತರು. ಎದೆ ಹಿಡಿದಿದೆ ಎಂದರು. ಹುಣಸೂರು ಆಸ್ಪತ್ರೆ ಮುಟ್ಟುವ ತನಕವೂ ಇರಲಿಲ್ಲ.

ಮಧ್ಯಾಹ್ನ ಕ್ಯಾಂಪಿನವರು ಬಂದರು. ಬಿಳಿಯ ತೆಳು ಶಾಲುಗಳನ್ನು ಅವರ ಎದೆಯ ಮೇಲೆ ಹಾಸಿ, ನನಗೆ ಕನ್ನಡದಲ್ಲಿ ನಾಲ್ಕು ಮಾತು ಸಮಾಧಾನ ಹೇಳಿ ಪಕ್ಕಕ್ಕೆ ನಿಂತರು. ಎಲ್ಲರಿಗಿಂತ ಕೊನೆಗೆ ಆಟೋದಲ್ಲಿ ಅಜ್ಜಿ ಬಂದರು. ನನ್ನ ಕಡೆ ನೋಡಲೂ ಇಲ್ಲ. ನೆಟ್ಟಗೆ ಹೋಗಿ ಅವರ ತಲೆಯ ಹತ್ತಿರ ಕುಳಿತರು. ಆಮೇಲೆ ಬಾಗಿ, ಸಣ್ಣ ದನಿಯಲ್ಲಿ, ತಮ್ಮ ಭಾಷೆಯಲ್ಲಿ ಮಾತಾಡತೊಡಗಿದರು.

ಅದು ಮಂತ್ರವಲ್ಲ. ಅವರು ಪ್ರಾರ್ಥನೆ ಮಾಡುವ ದನಿ ನಮಗೆಲ್ಲ ಗೊತ್ತಿದೆ. ಇದು ಮಾತು. ಏನೋ ಕೇಳಿದರು, ನಿಲ್ಲಿಸಿದರು, ಉತ್ತರಕ್ಕೆ ಕಾದಂತೆ ಮುಖ ನೋಡಿದರು, ಮತ್ತೆ ಹೇಳಿದರು. ಒಂದು ಕಡೆ ಬೈದ ಹಾಗಿತ್ತು. ಒಂದು ಕಡೆ ನಕ್ಕ ಹಾಗೂ ಇತ್ತು. ಒಂದು ಕನ್ನಡ ಪದವೂ ಅದರಲ್ಲಿ ಬರಲಿಲ್ಲ. ನಮ್ಮವರು ಹೂವಿನ ಹಾರ ಹಿಡಿದು ಕಾಯುತ್ತಲೇ ನಿಂತರು. ಯಾರೂ ಅವರನ್ನು ಏಳಿಸಲಿಲ್ಲ.

ಕೊನೆಗೆ ಎದ್ದು ಬಂದು ನನ್ನ ಪಕ್ಕ ಕುಳಿತರು. ನಾನು ಅವರ ಕೈ ಹಿಡಿದುಕೊಂಡು ಕೇಳಿದೆ, "ಅಷ್ಟೊತ್ತು ಏನಂದ್ರಿ ಅಜ್ಜಿ?"

ಅಜ್ಜಿ ಸೆರಗಿಲ್ಲದ ತಮ್ಮ ಉದ್ದ ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡರು.

"ನಿಂಗಲ್ಲ ಕಣವ್ವ. ಅವನ್ಗೆ ಅಂದಿದ್ದು."